ದೊಡ್ಡ ಪಾದಕ್ಕೆ ಹೈ ಹೀಲ್ಸ್: ನಂಬರು, ಅಳತೆ ಮತ್ತು ಅಂಗಡಿಯ ಲೆಕ್ಕ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕನ್ನಡ ಶಾಲೆಗಳ ಸುದ್ದಿ, ಸಭೆಯ ನಡಾವಳಿ, ಕಾರ್ಯಕ್ರಮದ ವರದಿ ಬರೆಯುತ್ತೇನೆ. ಈ ಸಲ ಚಪ್ಪಲಿಯ ಬಗ್ಗೆ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ಬೇರೆ ಕೆಲಸ ಇಲ್ಲವೇ ಎಂದು ಕೇಳುವ ಮೊದಲು ಕಾರಣವನ್ನು ಓದಿರಿ.

ಕಳೆದ ನವೆಂಬರಿನ ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿದ ಹುಡುಗಿ ನಿಮಗೆಲ್ಲ ನೆನಪಿರಬಹುದು. ಎತ್ತರದ ಹುಡುಗಿ, ಸ್ಪಷ್ಟ ಕನ್ನಡ, ಕೈಯಲ್ಲಿ ಚೀಟಿ ಕೂಡ ಇರಲಿಲ್ಲ. ಮೂರು ತಾಸು ನಗುನಗುತ್ತಾ ನಿಂತಿದ್ದಳು. ವಂದನಾರ್ಪಣೆ ಮುಗಿದ ಮೇಲೆ ನಾನು ಪರದೆಯ ಹಿಂದೆ ಹೋದೆ. ಆಕೆ ಕುರ್ಚಿಯ ಮೇಲೆ ಕೂತು ಹೀಲ್ಸ್ ಬಿಚ್ಚುತ್ತಿದ್ದಳು. ಎರಡೂ ಕಿರುಬೆರಳು ಒಡೆದು ರಕ್ತ ಬಂದಿತ್ತು, ಹಿಮ್ಮಡಿಯ ಚರ್ಮ ಸುಲಿದಿತ್ತು. ಆಕೆಯ ಕಾಲಿನ ನಂಬರು 9. ಹಾಕಿಕೊಂಡದ್ದು ಗೆಳತಿಯ 8 ನಂಬರಿನ ಜೋಡು. ಅಂಗಡಿ ಅಂಗಡಿ ಸುತ್ತಿದ್ದಳಂತೆ. ಎಲ್ಲ ಕಡೆ ಒಂದೇ ಉತ್ತರ: "ಲೇಡೀಜ್‌ನ್ಯಾಗ ಇಷ್ಟು ದೊಡ್ಡದು ಬರಂಗಿಲ್ರಿ."

ಈ ವರ್ಷದ ನಿರೂಪಣೆಗೆ ಮೊನ್ನೆ ಕೇಳಿದೆ. "ಬ್ಯಾಡ್ರಿ ಮಾವಶಿ, ಈ ಸಲ ಬ್ಯಾರೆಯವ್ರಿಗೆ ಹೇಳ್ರಿ" ಎಂದಳು. ಕಾರಣ ಹೇಳಲಿಲ್ಲ. ನನಗೆ ಗೊತ್ತಾಯಿತು.

ಗೊತ್ತಾಗಲು ಕಾರಣ, ನನ್ನ ಕಾಲೂ ಅದೇ ಅಳತೆಯದು. ಗುಮಾಸ್ತೆಯಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಚೇರಿಗೆ ಹೋದೆ, ಅಷ್ಟೂ ವರ್ಷ ಗಂಡಸರ ಚಪ್ಪಲಿ ಮೆಟ್ಟಿಕೊಂಡೇ ಹೋದೆ. ನಿವೃತ್ತಿಯ ದಿನದ ಫೋಟೋ ಮನೆಯಲ್ಲಿದೆ. ಹಸಿರು ಇಳಕಲ್ ಸೀರೆ, ಕೊರಳಲ್ಲಿ ಹಾರ, ಕೆಳಗೆ ಕಂದು ಬಣ್ಣದ ಗಂಡಸರ ಸ್ಯಾಂಡಲ್. ನೋಡಿದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ ಎಂದು ನನಗೆ ಇಂದಿಗೂ ಅನಿಸುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಾಲಿನ ಕಡೆ ನೋಡಿ ಬಾಯಿ ಮುಚ್ಚಿ ನಕ್ಕ ಹಿರಿಯರೂ ಇದ್ದರು. ಆ ಮಾತು ಇಲ್ಲಿಗೆ ಬಿಡೋಣ. ಆದರೆ ಚಪ್ಪಲಿ ಸಿಗದ ಕಾರಣಕ್ಕೆ ಒಂದು ಹುಡುಗಿ ವೇದಿಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಾಗಿ ಎರಡು ತಿಂಗಳು ಕೇಳಿ, ಅಳೆದು, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಂಬರಿನ ಲೆಕ್ಕ

ಮೊದಲು ನಂಬರು ಅಂದರೆ ಏನು ನೋಡೋಣ. ನಮ್ಮ ಅಂಗಡಿಗಳಲ್ಲಿ 5, 6, 7 ಎಂದು ಹೇಳುವುದು ಇಂಗ್ಲೆಂಡಿನ ಪದ್ಧತಿ. ಅಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಇದು ಹಿಂದಿನ ಕಾಲದ ಬಾರ್ಲಿ ಕಾಳಿನ ಉದ್ದ. ಮೂರು ಕಾಳು ಸಾಲಾಗಿ ಇಟ್ಟರೆ ಒಂದು ಇಂಚು ಎಂಬುದು ಅವರ ಹಳೆಯ ಲೆಕ್ಕ. ನಮ್ಮಲ್ಲಿ ಗೇಣು, ಮೊಳ ಇದ್ದಂತೆ ಅವರಲ್ಲಿ ಕಾಳು.

36, 37, 38 ಎಂದು ಬರೆದಿರುವುದು ಯುರೋಪಿನ ಪದ್ಧತಿ. ಅದು ಫ್ರಾನ್ಸಿನಿಂದ ಬಂದದ್ದು. ಅದರಲ್ಲಿ ಒಂದು ನಂಬರಿಗೆ ಒಂದು ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದರೆ ಸುಮಾರು 6.7 ಮಿಲಿಮೀಟರ್. ಅಮೆರಿಕದ ಹೆಂಗಸರ ನಂಬರು ಇಂಗ್ಲೆಂಡಿನದಕ್ಕಿಂತ ಸುಮಾರು ಎರಡು ಹೆಚ್ಚು. ನಮ್ಮ 9 ಅಲ್ಲಿ 11 ಆಗುತ್ತದೆ. ವಿದೇಶದಲ್ಲಿರುವ ಮಕ್ಕಳಿಂದ ತರಿಸುವವರು ಇದನ್ನು ಗಮನಿಸಬೇಕು.

ಇನ್ನೊಂದು ವಿಷಯ: ಈ ನಂಬರುಗಳು ಕಾಲನ್ನು ಅಳೆಯುವುದಿಲ್ಲ, ಚಪ್ಪಲಿ ಮಾಡುವ ಅಚ್ಚನ್ನು ಅಳೆಯುತ್ತವೆ. ಕಸುಬಿನವರು ಇದಕ್ಕೆ ಫರ್ಮಾ ಅನ್ನುತ್ತಾರೆ. ಫರ್ಮಾ ಕಾಲಿಗಿಂತ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದ ಇರುತ್ತದೆ, ಬೆರಳಿಗೆ ಜಾಗ ಬೇಕಲ್ಲ.

ಈಗ ಅಂಗಡಿಯ ಗೋಡೆಯ ಮೇಲೂ ಡಬ್ಬಿಯ ಮೇಲೂ ಇರುವ ಪಟ್ಟಿ ನೋಡಿ. 3ಕ್ಕೆ 36, 4ಕ್ಕೆ 37, 5ಕ್ಕೆ 38, ಹೀಗೆ ಹೋಗಿ 8ಕ್ಕೆ 41. ಚೆನ್ನಾಗಿ ಕಾಣುತ್ತದೆ. ಆದರೆ ಲೆಡ್ಜರ್ ತಾಳೆ ನೋಡಿದ ಕೈ ನನ್ನದು, ಸುಮ್ಮನಿರಲಾಗಲಿಲ್ಲ. ಒಂದು ಕಡೆ 8.5 ಮಿಲಿಮೀಟರಿನ ಮೆಟ್ಟಿಲು, ಇನ್ನೊಂದು ಕಡೆ 6.7 ಮಿಲಿಮೀಟರಿನ ಮೆಟ್ಟಿಲು. ಐದು ಮೆಟ್ಟಿಲು ಹತ್ತಿದ ಮೇಲೆ ಎರಡೂ ಒಂದೇ ಎತ್ತರಕ್ಕೆ ಹೇಗೆ ಬರುತ್ತವೆ?

ಬರುವುದಿಲ್ಲ. ಇಂಗ್ಲೆಂಡಿನ 3 ನಂಬರಿನ ಫರ್ಮಾ ಸುಮಾರು 237 ಮಿಲಿಮೀಟರ್, ಯುರೋಪಿನ 36 ಅಂದರೆ 240. ಇಲ್ಲಿ ಮೂರು ಮಿಲಿಮೀಟರ್ ಲಾಭವೇ ಆಯಿತು. 8 ನಂಬರಿನ ಫರ್ಮಾ ಸುಮಾರು 279 ಮಿಲಿಮೀಟರ್, ಆದರೆ 41 ಅಂದರೆ 273. ಇಲ್ಲಿ ಆರು ಮಿಲಿಮೀಟರ್ ಖೋತಾ. ಅಂದರೆ ಪಟ್ಟಿಯ ತಪ್ಪು ಸಣ್ಣ ಕಾಲಿನವರಿಗೆ ತಿಳಿಯುವುದೇ ಇಲ್ಲ, ದೊಡ್ಡ ಕಾಲಿನವರ ಬೆರಳಿಗೆ ಬಂದು ಬಡಿಯುತ್ತದೆ. ನಿಜವಾದ ಲೆಕ್ಕದಲ್ಲಿ 8ಕ್ಕೆ 42 ಹತ್ತಿರ, 9ಕ್ಕೆ 43 ಹತ್ತಿರ. ಪಟ್ಟಿ ನಂಬಿ 9ಕ್ಕೆ 42 ತರಿಸಿದವರು "ನನ್ನ ಕಾಲೇ ಸರಿಯಿಲ್ಲ" ಎಂದು ಬೈದುಕೊಂಡು ವಾಪಸು ಕಳಿಸಿದ್ದಾರೆ. ನಾನೂ ಹಾಗೆ ಒಂದು ಸಲ ಮಗಳ ಮೊಬೈಲಿನಿಂದ ತರಿಸಿ ವಾಪಸು ಕಳಿಸಿದವಳೇ. ಕಾಲು ಸರಿಯಾಗಿಯೇ ಇತ್ತು.

ಆದ್ದರಿಂದ ನಂಬರು ಬಿಡಿ, ಸೆಂಟಿಮೀಟರ್ ಹಿಡಿಯಿರಿ. ನಮ್ಮ ದೇಶದ ಕಾಲಿಗೆ ನಮ್ಮದೇ ಅಳತೆ ಬೇಕೆಂದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಊರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಯುರೋಪ್, ಅಮೆರಿಕದವರಿಗಿಂತ ನಮ್ಮವರ ಪಾದ ಸಾಮಾನ್ಯವಾಗಿ ಅಗಲ ಎಂದು ಕಂಡುಬಂತು. ಭಾರತದ ಮೊದಲ ಅಕ್ಷರ ಹಿಡಿದು ಆ ಅಳತೆಗೆ "ಭ" ಎಂದು ಹೆಸರಿಟ್ಟು ಪ್ರಸ್ತಾವ ಕಳಿಸಿದರು. ಅಲ್ಲಿಯವರ ಫರ್ಮಾದಲ್ಲಿ ಮಾಡಿದ ಮೂತಿ ಚೂಪಾದ ಹೀಲ್ಸ್ ನಮ್ಮ ಹೆಣ್ಣುಮಕ್ಕಳ ಕಿರುಬೆರಳನ್ನು ಏಕೆ ಕಚ್ಚುತ್ತದೆ ಎಂಬುದಕ್ಕೆ ಇದೂ ಒಂದು ಉತ್ತರ.

ಮನೆಯಲ್ಲಿ ಅಳೆಯುವ ಕ್ರಮ

ಸಂಜೆ ಅಳೆಯಿರಿ. ದಿನವಿಡೀ ಓಡಾಡಿದ ಕಾಲು ಬೆಳಗಿನದಕ್ಕಿಂತ ಸ್ವಲ್ಪ ಉಬ್ಬಿರುತ್ತದೆ, ಕಾರ್ಯಕ್ರಮಗಳು ಇರುವುದೂ ಸಂಜೆಯೇ. ಗಟ್ಟಿ ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಹಾಳೆಯ ಒಂದು ಅಂಚು ಗೋಡೆಗೆ ತಾಗಿಸಿ, ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿರಿ. ಕೂತು ಅಳೆಯಬಾರದು, ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಬೇರೆಯವರಿಗೆ ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆಯಲು ಹೇಳಿರಿ. ನಾವೇ ಬಗ್ಗಿ ಎಳೆದರೆ ಭಾರ ಆಚೀಚೆಯಾಗುತ್ತದೆ. ಎಲ್ಲಕ್ಕಿಂತ ಮುಂದೆ ಇರುವ ಬೆರಳಿನವರೆಗೆ ಉದ್ದ ಅಳೆಯಿರಿ. ಅದು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ, ಕೆಲವರಿಗೆ ಪಕ್ಕದ ಬೆರಳು ಉದ್ದ. ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲ ಇರುವ ಕಡೆ ದರ್ಜಿಯ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿರಿ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಹತ್ತು ವರ್ಷದ ಹಿಂದಿನ ನಂಬರು ಇಂದಿಗೆ ನಡೆಯದು. ಹೆರಿಗೆಯಾದ ಮೇಲೆ ಅನೇಕರ ಪಾದ ಖಾಯಂ ಆಗಿ ಉದ್ದವಾಗುತ್ತದೆ, ವಯಸ್ಸಾದಂತೆ ಅಂಗಾಲಿನ ಕಮಾನು ಇಳಿದು ಪಾದ ಹರಡುತ್ತದೆ. "ನಂದು ಮೊದಲಿಂದ 7" ಎಂದು ಹಟ ಹಿಡಿಯುವ ನನ್ನ ವಾರಿಗೆಯವರು ಒಮ್ಮೆ ಅಳೆದು ನೋಡಲಿ.

ಪಾದದ ಉದ್ದ 25ರಿಂದ 25.5 ಸೆಂಟಿಮೀಟರ್ ಇದ್ದರೆ 7, 26ರ ಆಸುಪಾಸು 8, 27ರ ಆಸುಪಾಸು 9 ಎಂದು ಸ್ಥೂಲವಾಗಿ ಹಿಡಿಯಬಹುದು. ಆನ್‌ಲೈನಿನಲ್ಲಿ ತರಿಸುವಾಗ ಅವರ ಪಟ್ಟಿಯಲ್ಲಿ ಕೊಟ್ಟಿರುವುದು ಪಾದದ ಉದ್ದವೋ, ಚಪ್ಪಲಿಯ ಒಳಗಿನ ಉದ್ದವೋ ನೋಡಿರಿ. ಎರಡಕ್ಕೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಅನುಮಾನ ಬಂದರೆ ವಾಪಸು ತೆಗೆದುಕೊಳ್ಳುವ ಕರಾರು ಇದ್ದಲ್ಲಿ ಮಾತ್ರ ಕೊಳ್ಳಿರಿ.

ಅಂಗಡಿಯವನು ಏಕೆ ಇಡುವುದಿಲ್ಲ

ಇದರಲ್ಲಿ ಅಂಗಡಿಯವರ ಮೇಲೆ ಸಿಟ್ಟಾಗಿ ಫಲವಿಲ್ಲ. ಹೋಲ್‌ಸೇಲಿನಲ್ಲಿ ಮಾಲು ಬರುವುದು ಸೆಟ್ಟಿನ ಲೆಕ್ಕದಲ್ಲಿ. ಒಂದು ಡಿಸೈನಿಗೆ 36ರಿಂದ 41ರವರೆಗೆ ಒಂದು ಸೆಟ್ಟು, ಮಧ್ಯದ ನಂಬರು ಹೆಚ್ಚು, ಕೊನೆಯವು ಕಡಿಮೆ. ಸೆಟ್ಟು ಒಡೆದು ಬರೀ ದೊಡ್ಡದು ಕೊಡಿ ಅಂದರೆ ಕೊಡುವುದಿಲ್ಲ. ಇನ್ನು ಕಾರ್ಖಾನೆಯವರಿಗೆ ಒಂದೊಂದು ನಂಬರಿಗೂ ಬೇರೆ ಫರ್ಮಾ ಬೇಕು, ಅಟ್ಟೆ ಎರಕ ಹೊಯ್ಯುವ ಬೇರೆ ಅಚ್ಚು ಬೇಕು, ಹೀಲ್ಸ್ ಆದರೆ ಹೀಲಿನದೂ ಬೇರೆ. ಊರಿಗೆ ನಾಲ್ಕು ಜೋಡು ಹೋಗುವ ನಂಬರಿಗೆ ಅಷ್ಟು ಹಣ ಹಾಕಲು ಅವರು ಹಿಂಜರಿಯುತ್ತಾರೆ. ಅವರು ಮಾಡುವುದಿಲ್ಲ, ಇವರು ಇಡುವುದಿಲ್ಲ, ನಾವು ಕೇಳುವುದಿಲ್ಲ. ಕೇಳಲು ನಾಚಿಕೆಪಟ್ಟು ಗಂಡಸರ ವಿಭಾಗಕ್ಕೆ ಹೋಗುತ್ತೇವೆ, ಬೇಡಿಕೆ ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ.

ಗಂಡಸರ ಚಪ್ಪಲಿಯೇ ಸಾಕಲ್ಲವೇ ಎಂದರೆ, ಸಾಲದು. ಹೆಂಗಸರ ಪಾದದಲ್ಲಿ ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಗಂಡಸರ ಫರ್ಮಾದಲ್ಲಿ ಹಿಮ್ಮಡಿ ಅಗಲ. ಮುಂದೆ ಸರಿಯಾಗಿ ಕೂತರೆ ಹಿಂದೆ ಜಾರುತ್ತದೆ. ಮೂವತ್ತು ವರ್ಷ ಜಾರಿಸಿಕೊಂಡೇ ನಡೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಟೆ ಚಪ್ಪಲಿಯಲ್ಲಿ ಹೇಗೋ ನಡೆಯುತ್ತದೆ, ಹೀಲ್ಸಿನಲ್ಲಿ ಹಿಮ್ಮಡಿ ಜಾರಿದರೆ ಹರಡು ಉಳುಕುವುದು ಖಂಡಿತ.

ಆದರೆ ಒಂದು ವಿಚಿತ್ರ ನೋಡಿ. ಎತ್ತರದ ಹಿಮ್ಮಡಿ ಮೊದಲು ಗಂಡಸರದೇ ಆಗಿತ್ತು. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಗಟ್ಟಿಯಾಗಿ ನಿಲ್ಲಲೆಂದು ಹಾಕುತ್ತಿದ್ದರು. ಅಲ್ಲಿಂದ ಯುರೋಪಿಗೆ ಹೋಗಿ ದೊಡ್ಡಸ್ತಿಕೆಯ ಗುರುತಾಯಿತು, 17ನೇ ಶತಮಾನದ ಫ್ರಾನ್ಸಿನ ದೊರೆ 14ನೇ ಲೂಯಿ ಕೆಂಪು ಹಿಮ್ಮಡಿಯ ಜೋಡು ಹಾಕಿ ಚಿತ್ರ ಬರೆಸಿಕೊಂಡಿದ್ದಾನೆ. ದೊಡ್ಡ ಕಾಲಿಗೆ ಹೈ ಹೀಲ್ಸ್ ಒಪ್ಪುವುದಿಲ್ಲ ಎನ್ನುವವರಿಗೆ ಈ ಸಂಗತಿ ತಿಳಿಸಿರಿ.

ಎತ್ತರ ಎಷ್ಟಿರಬೇಕು

ಹಿಮ್ಮಡಿ ಏರಿದಷ್ಟೂ ಮೈಭಾರ ಮುಂಗಾಲಿಗೆ ಇಳಿಯುತ್ತದೆ. ನೋವಿಗೆ ಮೂಲ ಇದೇ. ಇಲ್ಲಿ ಮುಖ್ಯ ಎತ್ತರವಲ್ಲ, ಇಳಿಜಾರು. ಇದರಲ್ಲಿ ದೊಡ್ಡ ಪಾದದವರಿಗೆ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. 22.5 ಸೆಂಟಿಮೀಟರ್ ಪಾದಕ್ಕೆ ಎರಡೂವರೆ ಇಂಚಿನ ಹೀಲ್ ಎಷ್ಟು ಇಳಿಜಾರೋ, 27 ಸೆಂಟಿಮೀಟರ್ ಪಾದಕ್ಕೆ ಮೂರು ಇಂಚಿನ ಹೀಲ್ ಅಷ್ಟೇ ಇಳಿಜಾರು. ಏಣಿ ಉದ್ದವಾದಷ್ಟೂ ಅದೇ ಗೋಡೆಗೆ ಓರೆ ಕಡಿಮೆ ಆಗುವ ಹಾಗೆ. ನಮ್ಮ ಹುಡುಗಿ ಎರಡು ಇಂಚಿನದು ಹಾಕಿದರೆ ಆಕೆಯ ಗೆಳತಿಗಿಂತ ಹೆಚ್ಚು ಹೊತ್ತು ಆರಾಮವಾಗಿ ನಿಲ್ಲಬಲ್ಲಳು, ಜೋಡು ಆಕೆಯ ಅಳತೆಯದಾಗಿದ್ದರೆ.

ಮೂರು ತಾಸು ನಿಲ್ಲುವ ಕೆಲಸಕ್ಕೆ ಎರಡು ಇಂಚು, ಹೆಚ್ಚೆಂದರೆ ಎರಡೂವರೆ ಸಾಕು ಎಂಬುದು ನನ್ನ ಅಭಿಪ್ರಾಯ. ಇನ್ನೂ ಎತ್ತರ ಕಾಣಬೇಕೆಂದರೆ ಮುಂದೆಯೂ ದಪ್ಪ ಅಟ್ಟೆ ಇರುವ ಪ್ಲಾಟ್‌ಫಾರ್ಮ್ ನೋಡಿರಿ. ಹಿಂದೆ ಮೂರೂವರೆ, ಮುಂದೆ ಒಂದು ಇಂಚು ಇದ್ದರೆ ಕಾಲಿಗೆ ತಿಳಿಯುವುದು ಎರಡೂವರೆ ಮಾತ್ರ. ಆದರೆ ಅಟ್ಟೆ ಬಗ್ಗುವುದಿಲ್ಲ, ನೆಲ ತಿಳಿಯುವುದಿಲ್ಲ, ಮೆಟ್ಟಿಲು ಇಳಿಯುವಾಗ ಎಚ್ಚರ ಬೇಕು.

ಪೆನ್ಸಿಲ್ ಹೀಲ್ ನಮ್ಮ ಕಾರ್ಯಕ್ರಮಗಳಿಗೆ ಬೇಡವೇ ಬೇಡ. ಹಲಗೆ ಜೋಡಿಸಿದ ವೇದಿಕೆ, ಮೇಲೆ ಹಾಸಿದ ಮ್ಯಾಟು, ಸಂದಿಯಲ್ಲಿ ಹೀಲ್ ಸಿಕ್ಕಿಕೊಂಡರೆ ಮೈಕಿನ ಸಮೇತ ಬೀಳಬೇಕು. ಬ್ಲಾಕ್ ಹೀಲ್ ಅಥವಾ ವೆಜ್ ಒಳ್ಳೆಯದು. ಹೀಲ್ ಹಿಮ್ಮಡಿಯ ನಡುಮಧ್ಯಕ್ಕೆ ಬರಬೇಕು, ತೀರ ಹಿಂದಕ್ಕೆ ಹೋಗಿದ್ದರೆ ಭಾರ ಹೊರುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಜೋಡು ಕೈಯಲ್ಲಿ ಹಿಡಿದು ಮುಂದಿನಿಂದ ಹಿಂದಕ್ಕೆ ಒತ್ತಿ ಬಗ್ಗಿಸಿರಿ. ಬೆರಳಿನ ಬುಡ ಬರುವಲ್ಲಿ ಬಗ್ಗಬೇಕು. ನಡುವೆ, ಅಂಗಾಲಿನ ಕಮಾನಿನ ಕೆಳಗೆ ಬಗ್ಗಬಾರದು. ಆ ಭಾಗದ ಒಳಗೆ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸೇತುವೆಯ ತೊಲೆ. ಜೋಡು ಉದ್ದವಾದಷ್ಟೂ ಆ ಸೇತುವೆಯೂ ಉದ್ದ, ಪಟ್ಟಿ ತೆಳುವಾಗಿದ್ದರೆ ಬೇಗ ಕುಸಿಯುತ್ತದೆ. ಸಣ್ಣ ನಂಬರಿನಲ್ಲಿ ನಡೆದುಹೋಗುವ ಅಗ್ಗದ ಮಾಲು ದೊಡ್ಡ ನಂಬರಿನಲ್ಲಿ ನಡೆಯದಿರಲು ಇದು ಕಾರಣ. ನಂತರ ಮೇಜಿನ ಮೇಲೆ ಇಟ್ಟು ಹೀಲನ್ನು ಬೆರಳಿನಿಂದ ತಳ್ಳಿರಿ, ಅಲುಗಿದರೆ ಬಿಟ್ಟುಬಿಡಿರಿ.

ಹಾಕಿಕೊಂಡ ಮೇಲೆ ಪಾದದ ಅಗಲವಾದ ಭಾಗ ಜೋಡಿನ ಅಗಲವಾದ ಭಾಗದ ಮೇಲೆಯೇ ಕೂತಿದೆಯೇ ನೋಡಿರಿ. ಇದು ಉದ್ದಕ್ಕಿಂತ ಮುಖ್ಯ. ಒಂದೇ ಉದ್ದದ ಎರಡು ಕಾಲಿನಲ್ಲಿ ಒಂದಕ್ಕೆ ಬೆರಳು ಉದ್ದ, ಇನ್ನೊಂದಕ್ಕೆ ಕಮಾನು ಉದ್ದ ಇರಬಹುದು.

ಅಗಲ ಸಾಲದಿದ್ದಾಗ ಒಂದು ನಂಬರು ದೊಡ್ಡದು ತೆಗೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಹೀಲ್ಸಿನಲ್ಲಿ ಉದ್ದ ಹೆಚ್ಚಾದರೆ ಪಾದ ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಮತ್ತೆ ಬೆರಳು ಮೂತಿಗೆ ಹೋಗಿ ಒತ್ತುತ್ತದೆ, ಹಿಂದೆ ಬೆರಳು ತೂರುವಷ್ಟು ಜಾಗ ಬೀಳುತ್ತದೆ. ಇಂಗ್ಲೆಂಡಿನ ಮಾಲಿನಲ್ಲಿ ಅಗಲಕ್ಕೆ ಬೇರೆ ಅಕ್ಷರ ಇರುತ್ತದೆ: ಹೆಂಗಸರಿಗೆ ಡಿ ಸಾಧಾರಣ, ಇ ಅಗಲ, ಡಬಲ್ ಇ ಇನ್ನೂ ಅಗಲ. ಅಮೆರಿಕದಲ್ಲಿ ಬಿ ಸಾಧಾರಣ, ಡಿ ಅಗಲ. ಡಿ ಎಂಬ ಒಂದೇ ಅಕ್ಷರಕ್ಕೆ ಎರಡು ದೇಶದಲ್ಲಿ ಎರಡು ಅರ್ಥ, ನೋಡಿಕೊಳ್ಳಿರಿ. ನಮ್ಮ ಪೇಟೆಯ ಡಬ್ಬಿಗಳ ಮೇಲೆ ಅಗಲ ಬರೆದಿರುವುದು ಅಪರೂಪ. ಹಾಗಾಗಿ ಬೆರಳು ತೆರೆದಿರುವ, ಮೂತಿ ದುಂಡಗೆ ಅಥವಾ ಚೌಕವಾಗಿರುವ, ಹರಡಿನ ಸುತ್ತ ಬಕಲ್ ಪಟ್ಟಿ ಇರುವ ಸ್ಯಾಂಡಲ್ ಹೀಲ್ಸ್ ಅಗಲ ಪಾದಕ್ಕೆ ಒಳ್ಳೆಯದು. ಆ ಪಟ್ಟಿಯೇ ಪಾದವನ್ನು ಹಿಂದಕ್ಕೆ ಹಿಡಿದಿಡುತ್ತದೆ.

ಸೀರೆ ಉಡುವವರಿಗೆ ಒಂದು ಮಾತು. ಹೀಲ್ಸ್ ಹಾಕಿಕೊಂಡೇ ಸೀರೆ ಉಡಬೇಕು. ಮೊದಲು ಸೀರೆ, ಆಮೇಲೆ ಹೀಲ್ಸ್ ಎಂದರೆ ಅಂಚು ಮೇಲೇರಿ ಹರಡು ಕಾಣುತ್ತದೆ.

ಎಲ್ಲಿ ಸಿಗುತ್ತದೆ

ಸೊಲ್ಲಾಪುರದ ನವಿ ಪೇಟೆಯಲ್ಲಿ ಸಿದ್ಧ ಮಾಲು 8ರ ಮೇಲೆ ನನಗೆ ಸಿಗಲಿಲ್ಲ. ಒಬ್ಬ ಅಂಗಡಿಯವರು ಮಾತ್ರ ಕೂಡಿಸಿ ಕೇಳಿ, "ಅಕ್ಕಾರ, ಆರು ಜೋಡಿ ಆರ್ಡರ್ ಕೊಡ್ರಿ, ಮುಂಬೈಯಿಂದ ತರಸ್ತೀನಿ" ಎಂದರು. ಅವರು ಹೇಳಿದ್ದು ಮುಂಬೈಯ ಠಕ್ಕರ್ ಬಾಪಾ ಕಾಲೊನಿಯ ವಿಷಯ. ಅಲ್ಲಿ ಪಾದರಕ್ಷೆ ತಯಾರಿಸುವ ಸಣ್ಣ ಸಣ್ಣ ಘಟಕಗಳು ಸಾಲಾಗಿ ಇವೆ. ಸಣ್ಣ ಘಟಕದವರ ಬಳಿ ದೊಡ್ಡ ಫರ್ಮಾ ಇದ್ದರೆ ನಾಲ್ಕಾರು ಜೋಡು ಮಾಡಿಕೊಡಲು ಒಪ್ಪುತ್ತಾರೆ, ದೊಡ್ಡ ಕಾರ್ಖಾನೆಯವರು ಒಪ್ಪುವುದಿಲ್ಲ.

ಪಾಶ್ಚಾತ್ಯ ನೃತ್ಯದವರು ಹಾಕುವ ಹೀಲ್ಸ್ ಇನ್ನೊಂದು ದಾರಿ. ಅವನ್ನು ಪಾದದ ಅಳತೆ ಕಳಿಸಿದರೆ ಮಾಡಿಕೊಡುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಗಂಟೆಗಟ್ಟಲೆ ಕುಣಿಯಲೆಂದೇ ಮಾಡಿದ್ದರಿಂದ ಬಕಲ್ ಗಟ್ಟಿ, ಅಟ್ಟೆ ಮೆತ್ತಗೆ. ಮೆತ್ತನೆ ಚರ್ಮದ ಅಟ್ಟೆ ಬೀದಿಯಲ್ಲಿ ಬೇಗ ಸವೆಯುತ್ತದೆ, ವೇದಿಕೆಗೆ ಮಾತ್ರ ಇಟ್ಟುಕೊಳ್ಳಬೇಕು. ಮಂಗಳಮುಖಿ ಸಹೋದರಿಯರೂ ಇದೇ ತೊಂದರೆ ಅನುಭವಿಸುತ್ತಾರೆ. ದೊಡ್ಡ ಅಳತೆಯ ಹೀಲ್ಸ್ ಎಲ್ಲಿ ಸಿಗುತ್ತದೆಂದು ಅವರಲ್ಲಿ ಒಬ್ಬರು ನನಗಿಂತ ಚೆನ್ನಾಗಿ ತಿಳಿದಿದ್ದರು, ಸಂಕೋಚವಿಲ್ಲದೆ ಹೇಳಿಯೂ ಕೊಟ್ಟರು.

ಇನ್ನು ನಮ್ಮ ಮನೆ ಬಾಗಿಲಿನದು, ಕೊಲ್ಹಾಪುರಿ. ಇದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಹೀಗೆ ಎರಡೂ ಕಡೆಯ ನಾಲ್ಕು ನಾಲ್ಕು ಜಿಲ್ಲೆ ಒಂದೇ ಮಾನ್ಯತೆಯಲ್ಲಿ ಸೇರಿವೆ. ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಕೂಡಿ ಅರ್ಜಿ ಹಾಕಿದವು. ಬೇರೆ ಯಾವ ವಿಷಯಕ್ಕೆ ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದಾರೆ ಎಂದು ನಾನು ಆಗಾಗ ಯೋಚಿಸುತ್ತೇನೆ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಹೆಂಗಸರೂ ಹೆಣಿಗೆ, ಹೊಲಿಗೆಗೆ ಕೂರುತ್ತಾರೆ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ.

ದೊಡ್ಡ ಕಾಲಿನವರಿಗೆ ಇದರ ಉಪಯೋಗ ಏನೆಂದರೆ, ಇಲ್ಲಿ ಎರಕದ ಅಚ್ಚಿಲ್ಲ. ಅಟ್ಟೆಯನ್ನು ಕೈಯಲ್ಲಿ ಕತ್ತರಿಸುತ್ತಾರೆ. ಹಾಳೆಯ ಮೇಲಿನ ನಿಮ್ಮ ಪಾದದ ಗೆರೆ ಕೊಟ್ಟರೆ ಅದಕ್ಕೆ ಸರಿಯಾಗಿ ಕತ್ತರಿಸಿ ಕೊಡಬಲ್ಲರು, ಸೆಟ್ಟು ಒಡೆಯುವ ಪ್ರಶ್ನೆಯೇ ಬರುವುದಿಲ್ಲ. ಹಿಮ್ಮಡಿಯ ಕೆಳಗೆ ಚರ್ಮದ ಪದರ ಒಂದರ ಮೇಲೊಂದು ಕೂಡಿಸಿ ಎತ್ತರ ಮಾಡುತ್ತಾರೆ. ಆದರೆ ಸತ್ಯ ಹೇಳಬೇಕು, ಇದು ಹೈ ಹೀಲ್ಸ್ ಅಲ್ಲ. ಹಿಂದೆ ಪಟ್ಟಿ ಇಲ್ಲದ್ದರಿಂದ ಒಂದೂವರೆ ಇಂಚಿಗಿಂತ ಹೆಚ್ಚಾದರೆ ಕಾಲು ಮುಂದಕ್ಕೆ ಜಾರುತ್ತದೆ. ಹಿಂದೆ ಬಕಲ್ ಪಟ್ಟಿ ಹೊಲಿಸಿಕೊಂಡು ಒಂದೂವರೆ ಇಂಚಿನದು ಮಾಡಿಸಿಕೊಂಡರೆ ಸೀರೆಗೆ ಚೆನ್ನಾಗಿ ಒಪ್ಪುತ್ತದೆ. ನಾನು ಮಾಡಿಸಿಕೊಂಡಿದ್ದೇನೆ. ಅರವತ್ತು ದಾಟಿದ ಮೇಲೆ ಮೊದಲ ಸಲ ನನ್ನ ಅಳತೆಯ ಹೆಂಗಸರ ಚಪ್ಪಲಿ. ಮೊದಲ ಎಂಟು ದಿನ ಹೊಸ ಚರ್ಮ ಕಚ್ಚಿತು, ಎಣ್ಣೆ ಸವರಿ ದಿನಾ ಅರ್ಧ ತಾಸು ಮನೆಯಲ್ಲೇ ಓಡಾಡಿದೆ, ಈಗ ಹಾಕಿದ್ದೇ ಗೊತ್ತಾಗುವುದಿಲ್ಲ.

ರಿಪೇರಿಯಿಂದ ಆಗುವುದು, ಆಗದ್ದು

ಚಪ್ಪಲಿ ರಿಪೇರಿಯವರು ಚರ್ಮದ ಜೋಡನ್ನು ಮರದ ಅಚ್ಚಿಗೆ ಹಾಕಿ ಅಗಲಕ್ಕೆ ಸ್ವಲ್ಪ ಹಿಗ್ಗಿಸಬಲ್ಲರು. ಉದ್ದಕ್ಕೆ ಹಿಗ್ಗುವುದಿಲ್ಲ. ರೆಗ್ಝಿನ್ ಯಾವ ಕಡೆಗೂ ಹಿಗ್ಗುವುದಿಲ್ಲ. ಹೀಲನ್ನು ಅರ್ಧ ಇಂಚಿಗಿಂತ ಕಡಿಮೆ ಕತ್ತರಿಸಬಹುದು, ಅದಕ್ಕಿಂತ ಹೆಚ್ಚಾದರೆ ಮೂತಿ ಮೇಲೇಳುತ್ತದೆ, ನಡಿಗೆ ಕೆಡುತ್ತದೆ. ಹರಡಿಗೆ ಪಟ್ಟಿ ಸೇರಿಸುವುದು, ಹೀಲಿನ ತುದಿಗೆ ರಬ್ಬರ್ ಹಾಕುವುದು, ಮುಂಗಾಲಿನ ಕೆಳಗೆ ಮೆತ್ತೆ ಅಂಟಿಸುವುದು ಇವು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ. ಮೆತ್ತೆ ಹಾಕಿದರೆ ಒಳಗಿನ ಜಾಗ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಮೊದಲೇ ಬಿಗಿ ಇರುವ ಜೋಡಿಗೆ ಮೆತ್ತೆ ಹಾಕಿದರೆ ಉಪಕಾರವಲ್ಲ, ಅಪಕಾರ.

ಯಾರಿಗೆ ಬೇಡ

ಸಕ್ಕರೆ ಕಾಯಿಲೆ ಇದ್ದು ಅಂಗಾಲು ಜೋಮು ಹಿಡಿದಂತಿರುವವರು, ಕಾಲಿನ ಸ್ಪರ್ಶ ಕಡಿಮೆಯಾದವರು ಹೀಲ್ಸ್ ಆಸೆ ಬಿಡಬೇಕು. ಗುಳ್ಳೆ ಬಂದದ್ದು ಅವರಿಗೆ ತಿಳಿಯುವುದೇ ಇಲ್ಲ, ಗಾಯ ಹುಣ್ಣಾದ ಮೇಲೆ ತಿಳಿಯುತ್ತದೆ. ಅಂಥವರು ವೈದ್ಯರು ಹೇಳುವ ಎಂಸಿಆರ್ ಅಟ್ಟೆಯ ಚಪ್ಪಲಿಯನ್ನೇ ಹಾಕಲಿ. ಹೆಬ್ಬೆರಳಿನ ಬುಡದಲ್ಲಿ ಗಂಟು ಎದ್ದವರಿಗೆ ಚೂಪು ಮೂತಿ ಬೇಡ. ದಿನವೂ ಹೀಲ್ಸ್ ಹಾಕುವವರಲ್ಲಿ ಮೀನಖಂಡದ ಸ್ನಾಯು ಮೊಟಕಾಗಿ, ಆಮೇಲೆ ಚಪ್ಪಟೆ ಚಪ್ಪಲಿ ಹಾಕಿದರೇ ನೋವು ಬರುವುದುಂಟು. ಹಬ್ಬ, ಮದುವೆ, ವೇದಿಕೆಗೆ ಹಾಕಿ, ಮಾರನೆಯ ದಿನ ಕಾಲಿಗೆ ರಜೆ ಕೊಡಿರಿ.

ಎತ್ತರದ ಹುಡುಗಿಗೆ ಹೀಲ್ಸ್ ಏಕೆ, ಪಕ್ಕದಲ್ಲಿ ವರ ಗಿಡ್ಡ ಕಾಣುತ್ತಾನೆ ಎಂಬ ಮಾತನ್ನು ಸಂಘದ ಸಭೆಯಲ್ಲೇ ಒಬ್ಬ ಹಿರಿಯರು ಆಡಿದರು. ಅದಕ್ಕೆ ಉತ್ತರ ನಡಾವಳಿಯಲ್ಲಿ ಬರೆದಿಲ್ಲ, ಬಾಯಲ್ಲಿ ಕೊಟ್ಟಿದ್ದೇನೆ.

ಸೂಚನೆ

ಬರುವ ತಿಂಗಳ ಎರಡನೆಯ ರವಿವಾರ ಸಂಜೆ 5ಕ್ಕೆ ಸಂಘದ ಕೋಣೆಯಲ್ಲಿ ಪಾದದ ಅಳತೆ ತೆಗೆಯಲಾಗುವುದು. 8 ಮತ್ತು ಅದಕ್ಕಿಂತ ದೊಡ್ಡ ನಂಬರಿನ ಹೆಣ್ಣುಮಕ್ಕಳು, ತಾಯಂದಿರು ಬರಬೇಕು. ಅಕ್ಕಲಕೋಟೆ, ಜತ್ತದಿಂದ ಬರಲಾಗದವರು ಮೇಲೆ ಹೇಳಿದಂತೆ ಎರಡೂ ಪಾದದ ಗೆರೆ ಎಳೆದ ಹಾಳೆಯನ್ನು, ಸುತ್ತಳತೆ ಬರೆದು, ಯಾರ ಕೈಯಲ್ಲಾದರೂ ಕಳಿಸಿಕೊಡಬಹುದು. ಹಾಳೆಯ ಮೇಲೆ ಎಡ, ಬಲ ಎಂದು ಬರೆಯಲು ಮರೆಯಬೇಡಿರಿ. ಆರು ಜೋಡು ಕೂಡಿದರೆ ಬ್ಲಾಕ್ ಹೀಲಿನ ಆರ್ಡರ್ ಪೇಟೆಯ ಅಂಗಡಿಯವರಿಗೆ ಕೊಡುವುದು, ಕೊಲ್ಹಾಪುರಿ ಬೇಕಾದವರ ಹಾಳೆ ಅಥಣಿಗೆ ಕಳಿಸುವುದು. ಹಣ ಮುಂಗಡ ಬೇಡ, ಜೋಡು ಬಂದು ಹಾಕಿ ನೋಡಿದ ಮೇಲೆ ಕೊಡಬಹುದು ಎಂದು ಅಂಗಡಿಯವರು ಒಪ್ಪಿದ್ದಾರೆ.

ಇದುವರೆಗೆ ನಾಲ್ಕು ಹಾಳೆ ಬಂದಿವೆ. ಒಂದು ನನ್ನದು. ನಿರೂಪಣೆಯ ಹುಡುಗಿಯದು ನಿನ್ನೆ ಸಂಜೆ ಆಕೆಯ ತಮ್ಮ ತಂದುಕೊಟ್ಟ: ಎಡ 26.8, ಬಲ 27.1.